ಬಾಯಿಗೆ ಉಳಿದ ಐದು ಸ್ವರ

ಬೆಳಗಿನ ಐದೂವರೆ. ಬೀದಿಯ ಕೊನೆಯ ಮಳಿಗೆಯ ಷಟರ್ ಅರ್ಧ ಮಾತ್ರ ಎತ್ತಿದೆ. ಬಗ್ಗಿ ಒಳಗೆ ಹೋದರೆ ಗೋಡೆಯ ಮೊಳೆಗಳಿಗೆ ಹನ್ನೆರಡು ಕೆಂಪು ಕೋಟುಗಳು ನೇತುಬಿದ್ದಿವೆ, ಅವುಗಳ ಕೆಳಗೆ ಹನ್ನೆರಡು ಟೋಪಿ. ಚಾಪೆಯ ಮೇಲೆ ಹಿತ್ತಾಳೆಯ ವಾದ್ಯಗಳು ಸಾಲಾಗಿ ಮಲಗಿವೆ. ನಡುವೆ ಕಾಲು ಚಾಚಿ ಕೂತ ಎಪ್ಪತ್ತೊಂದು ವರ್ಷದ ಹಿರಿಯರೊಬ್ಬರು ಟ್ರಂಪೆಟ್ ಒಂದನ್ನು ಎತ್ತಿ, ಕಣ್ಣು ಮುಚ್ಚಿ ಊದುತ್ತಾರೆ. ಸದ್ದೇ ಬರುವುದಿಲ್ಲ, ಬರೀ ಗಾಳಿ. ವಾದ್ಯದ ಕೊನೆಗೆ ಅಂಗೈ ಹಿಡಿದು ಆ ಗಾಳಿಯನ್ನು ಮುಟ್ಟಿ ನೋಡಿ, "ಮೂರನೇ ಗುಂಡಿ ಹತ್ರ ಸೋರ್ತಿದೆ" ಎಂದು ಪಕ್ಕಕ್ಕಿಡುತ್ತಾರೆ.

ಇಡೀ ಬ್ಯಾಂಡ್‌ಸೆಟ್ ಇವರನ್ನು ದೊಡ್ಡಪ್ಪ ಎಂದು ಕರೆಯುತ್ತದೆ. ದಿನಾ ಒಂಬತ್ತು ವಾದ್ಯ, ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ಗುಂಡಿಗಳು ಒಂದೊಂದಕ್ಕೆ ಮೂರರಂತೆ ಇಪ್ಪತ್ತೇಳು. ಪ್ರತಿ ಗುಂಡಿಯನ್ನೂ ಬಿಚ್ಚಿ, ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ಮತ್ತೆ ಕೂರಿಸಬೇಕು. ಹಿಂದಿನ ದಿನ ಊದಿದವರ ಎಂಜಲು ಕೊಳವೆಯಲ್ಲಿ ನಿಂತಿರುತ್ತದೆ, ಅದನ್ನು ಬಗ್ಗಿಸಿ ಸುರಿಯಬೇಕು. ಆಮೇಲೆ ಈ ಗಾಳಿಯ ಪರೀಕ್ಷೆ.

"ಒಂದು ಸಲ ಸದ್ದು ಮಾಡಿಯೇ ನೋಡಬಹುದಲ್ಲ?" ಎನ್ನುತ್ತೇನೆ.

"ಮೇಲಿನ ಮನೆ ಅಮ್ಮಾವ್ರು ಬಕೆಟ್ ನೀರು ಸುರೀತಾರೆ ಸಾರ್. ಹಿಂದೆ ಸುರಿದಿದ್ದಾರೆ" ಎನ್ನುತ್ತಾರೆ ದೊಡ್ಡಪ್ಪ, ಸ್ವಲ್ಪವೂ ನಗದೆ.

ನನಗೆ ಆಗಲೇ ಅನುಮಾನ. ನಾನು ಹುಟ್ಟಾ ಸಂಶಯದ ಪ್ರಾಣಿ, ಪತ್ರಿಕೆಯ ಈ ಅಂಕಣ ನನ್ನನ್ನು ಇನ್ನೂ ಕೆಡಿಸಿದೆ. ತೆರೆಮರೆಯ ಸಾಧಕರ ಬಗ್ಗೆ ಬರೆಯಿರಿ ಎಂದು ವಾರಕ್ಕೆ ಹತ್ತು ಹದಿನೈದು ಕಾಗದ ಬರುತ್ತವೆ. ಅರ್ಧದಷ್ಟನ್ನು ಸಾಧಕರೇ ಬರೆದಿರುತ್ತಾರೆ. ಸಾವಿರ ಗಿಡ ನೆಟ್ಟವರು ಎಂದು ಓದಿ ಒಬ್ಬರ ಮನೆಗೆ ಹೋದರೆ, ಹಜಾರದ ಕುಂಡದಲ್ಲಿದ್ದ ಒಂದೇ ಒಂದು ಗಿಡವೂ ಪ್ಲಾಸ್ಟಿಕ್ಕಿನದಾಗಿತ್ತು. ದೊಡ್ಡಪ್ಪನ ಬಗ್ಗೆ ಬಂದ ಕಾಗದಕ್ಕೆ ಸಹಿಯಿರಲಿಲ್ಲ. "ಇಂಥ ವಾದ್ಯಗಾರರು ಇನ್ನು ಸಿಗುವುದಿಲ್ಲ, ಬೇಗ ಬನ್ನಿ" ಎಂದಷ್ಟೇ ಇತ್ತು. ಅಕ್ಷರ ನಡುಗುತ್ತಿತ್ತು. ಸ್ವಂತ ಕೈಬರಹವೇ ಇರಬೇಕು ಎಂದುಕೊಂಡೇ ಬಂದಿದ್ದೇನೆ.

ಹತ್ತು ಗಂಟೆಗೆ ಬಟ್ಟೆ ಅಂಗಡಿಯೊಂದರ ಉದ್ಘಾಟನೆ. ಹನ್ನೆರಡು ಕೋಟು, ಹನ್ನೆರಡು ಟೋಪಿ ಬೀದಿಗಿಳಿಯುತ್ತವೆ. ಮುಂದೆ ಬ್ಯಾಂಡ್ ಮಾಸ್ಟರ್, ಎರಡನೇ ಸಾಲಿನ ಎಡಗಡೆ ದೊಡ್ಡಪ್ಪ, ಅವರ ಬೆನ್ನಿಗೇ ದೊಡ್ಡ ಡ್ರಮ್ಮಿನವನು. ನಾನು ದೊಡ್ಡಪ್ಪನ ಪಕ್ಕದಲ್ಲೇ ಹೆಜ್ಜೆ ಹಾಕುತ್ತೇನೆ. ಅವರ ಕೆನ್ನೆ ಉಬ್ಬುತ್ತದೆ, ಕತ್ತಿನ ನರ ಬಿಗಿಯುತ್ತದೆ, ಹುಬ್ಬು ಮೇಲೇರುತ್ತದೆ. ಎಲ್ಲಾ ಸರಿ, ಸದ್ದೆಲ್ಲಿ? ಕಿವಿಯನ್ನು ಅವರ ಟ್ರಂಪೆಟ್ಟಿನ ಹತ್ತಿರ ಒಯ್ಯುತ್ತೇನೆ. ಏನೂ ಇಲ್ಲ. ಬಗ್ಗಿ ಇಣುಕಿದರೆ ಅದರ ಬಾಯೊಳಗೆ ಕರಿ ಬಟ್ಟೆ ತುರುಕಿದೆ.

ಮೆರವಣಿಗೆ ನೀರು ಕುಡಿಯಲು ನಿಂತಾಗ ಅಂಗಡಿಯ ಮೆಟ್ಟಿಲ ಮೇಲೆ ಅವರನ್ನು ಹಿಡಿದು ಕೂರಿಸುತ್ತೇನೆ.

"ದೊಡ್ಡಪ್ಪ, ನೀವು ಊದ್ತಾನೇ ಇಲ್ಲ."

"ಇಲ್ಲ ಸಾರ್."

"ಮತ್ತೆ ಏನ್ ಮಾಡ್ತೀರಿ?"

"ನಡೀತೀನಿ." ಲೋಟದ ನೀರನ್ನು ನಿಧಾನಕ್ಕೆ ಮುಗಿಸಿ, ಬಾಯಿ ಒರೆಸಿಕೊಂಡು ಮುಂದುವರಿಸುತ್ತಾರೆ. "ಕರೆಸೋರಿಗೆ ಹನ್ನೆರಡು ಜನ ಬೇಕು. ಫೋಟೋದಲ್ಲಿ ತುಂಬಾ ಕಾಣಬೇಕು. ಊದೋರು ಈಗ ಎಲ್ಲಿ ಸಿಗ್ತಾರೆ? ನಮ್ಮಲ್ಲಿ ಡ್ರಮ್ಮಿನೋರು ಮೂರು, ಊದೋರು ಐದು, ಡಮ್ಮಿ ನಾಲ್ಕು. ಡಮ್ಮಿಗಳಲ್ಲಿ ನಾನೇ ಸೀನಿಯರ್."

"ಬಟ್ಟೆ ಯಾಕೆ ತುರುಕಿದ್ದೀರಿ?"

"ಅಭ್ಯಾಸ ಬಲ ನೋಡಿ. ಮರೆತು ಊದಿಬಿಟ್ರೆ? ಒಂದು ಅಪಸ್ವರ ಹೊರಗೆ ಬಿದ್ರೆ ಬ್ಯಾಂಡಿನ ಮಾನ ಹೋಗುತ್ತೆ."

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನನಗೆ ಇನ್ನಷ್ಟು ಅನುಮಾನ ತರುತ್ತದೆ. ಜೊತೆಗೆ ಒಳಗೊಳಗೇ ಬೀಗುತ್ತೇನೆ ಕೂಡ. ಇಪ್ಪತ್ತು ವರ್ಷ ಪೆನ್ನು ಹಿಡಿದವನ ಮೂಗು ಸುಳ್ಳಾಗಲಿಲ್ಲ ನೋಡಿ. ಟಿಪ್ಪಣಿ ಪುಸ್ತಕ ಮುಚ್ಚಿ ಬಸ್ಸು ಹಿಡಿಯುವುದೊಂದೇ ಬಾಕಿ.

ಬಸ್ಸು ಬರುವುದು ತಡವಾಗುತ್ತದೆ. ಬ್ಯಾಂಡು ಮತ್ತೆ ಹೊರಟು ನನ್ನ ಮುಂದೆಯೇ ಹಾದುಹೋಗುತ್ತದೆ. ಮಾಡಲು ಬೇರೆ ಕೆಲಸವಿಲ್ಲದೆ ಡಮ್ಮಿಗಳನ್ನು ನೋಡುತ್ತ ನಿಲ್ಲುತ್ತೇನೆ. ಒಬ್ಬ ವಾದ್ಯವನ್ನು ಕೊಡೆಯ ಹಿಡಿಯಂತೆ ಹಿಡಿದಿದ್ದಾನೆ. ಇನ್ನೊಬ್ಬ ಮೂರೂ ಗುಂಡಿಗಳನ್ನು ಒಟ್ಟಿಗೇ ಒತ್ತಿ ಮರೆತೇಬಿಟ್ಟಿದ್ದಾನೆ. ಮೂರನೆಯವನು ಆಕಳಿಸುತ್ತಿದ್ದಾನೆ. ದೊಡ್ಡಪ್ಪನ ಬೆರಳುಗಳು ಮಾತ್ರ ಓಡುತ್ತಿವೆ. ಮುಂದಿರುವ ಮಾಸ್ಟರ್ ಬೆರಳನ್ನು ನೋಡುತ್ತೇನೆ, ಇವರದನ್ನು ನೋಡುತ್ತೇನೆ. ಒಂದೇ ಒಂದು ಗುಂಡಿ ಹೆಚ್ಚು ಕಡಿಮೆಯಿಲ್ಲ. ಕಳ್ಳ ಎಂದು ಹಿಡಿದವನ ಜೇಬಿನಲ್ಲಿ ಅವನದೇ ವಸ್ತು ಸಿಕ್ಕ ಹಾಗಾಗುತ್ತದೆ. ಯಾರಿಗೂ ಕೇಳದ ಹಾಡಿಗೆ ಈ ಮನುಷ್ಯ ಯಾಕೆ ಸರಿಯಾದ ಗುಂಡಿಯನ್ನೇ ಒತ್ತಬೇಕು? ಬಸ್ಸು ಬಂದು ಹೋಗುತ್ತದೆ, ನಾನು ಹತ್ತುವುದಿಲ್ಲ.

ಮಧ್ಯಾಹ್ನ ಮಳಿಗೆಯ ಹಿಂದೆ ದೊಡ್ಡ ಡ್ರಮ್ಮಿನವನೇ ನನ್ನನ್ನು ಹುಡುಕಿಕೊಂಡು ಬರುತ್ತಾನೆ. ಐವತ್ತು ದಾಟಿದ ದಢೂತಿ ಆಳು, ಮಾತು ಮಾತ್ರ ಮೆತ್ತಗೆ. "ಕಾಗದ ಬರೆದಿದ್ದು ನಾನು ಸಾರ್. ಕೋಲು ಹಿಡಿದು ಹಿಡಿದು ಕೈ ನಡುಗುತ್ತೆ, ಅಕ್ಷರ ಹಾಗೆ ಬಂತು."

"ಊದದೇ ಇರೋರನ್ನ ವಾದ್ಯಗಾರರು ಅಂತ ಬರೆದಿದ್ದೀಯಲ್ಲಪ್ಪ?"

"ನೀವು ಅವರ ಪಕ್ಕದಲ್ಲಿ ನಡೆದ್ರಿ. ನಾನು ಹಿಂದೆ ನಡೀತೀನಿ. ಹಾಡು ಶುರುವಾಗೋ ಮುಂಚೆ ಅವರು ಉಸಿರು ಎಳ್ಕೋತಾರೆ, ಹೆಗಲು ಒಂದಿಷ್ಟು ಏಳುತ್ತೆ. ಆ ಹೆಗಲು ನೋಡ್ಕೊಂಡೇ ನಾನು ಕೋಲು ಎತ್ತೋದು. ನನ್ನ ಏಟಿಗೆ ಉಳಿದೋರು ಸೇರ್ಕೋತಾರೆ. ಹೋದ ವರ್ಷ ಅವರಿಗೆ ಜ್ವರ ಬಂದು ನಾಲ್ಕು ದಿನ ಬರಲಿಲ್ಲ. ನಾಲ್ಕು ದಿನವೂ ನಾವು ಎಲ್ಲೆಲ್ಲೋ ಹೋಗಿಬಿಟ್ವಿ."

ಹೊಗಳಿಕೆ ಎಂದರೆ ನನಗೆ ಅಲರ್ಜಿ. ಆದರೂ ಈ ಮಾತನ್ನು ಬರೆದುಕೊಳ್ಳುತ್ತೇನೆ.

ದೊಡ್ಡಪ್ಪ ಹದಿನಾರರ ವಯಸ್ಸಿಗೆ ಬ್ಯಾಂಡಿಗೆ ಸೇರಿದವರು. ನಲವತ್ತಾರು ವರ್ಷ ಮೊದಲ ಸಾಲಿನ ಟ್ರಂಪೆಟ್. ಈಗಿನ ಮಾಸ್ಟರ್‌ಗೆ ತುಟಿ ಹೇಗಿಡಬೇಕೆಂದು ಹೇಳಿಕೊಟ್ಟವರೂ ಇವರೇ. ಟ್ರಂಪೆಟ್ ಊದುವವರಿಗೆ ಮುಂದಿನ ಹಲ್ಲೇ ಆಧಾರ, ತುಟಿ ನಿಲ್ಲುವುದು ಅದರ ಮೇಲೆ. ಅರವತ್ತೆರಡಕ್ಕೆ ಅವೆಲ್ಲ ಹೋದವು. ಕಟ್ಟಿಸಿಕೊಂಡ ಹಲ್ಲುಸೆಟ್ಟಿನಲ್ಲಿ ಒಂದು ತಿಂಗಳು ಹೇಗೋ ಎಳೆದರು. ಒಂದು ದಿನ ನಡುರಸ್ತೆಯಲ್ಲಿ, ಮೇಲಿನ ಸ್ವರಕ್ಕೆ ಒತ್ತಿ ಊದುವಾಗ ಸೆಟ್ಟು ಜಾರಿ ಬಾಯಿಂದ ಹಾರಿ ಟಾರಿನ ಮೇಲೆ ಬಿತ್ತು.

"ಜನ ನಕ್ಕರಾ?"

"ನಗದೇ ಏನ್ ಮಾಡ್ತಾರೆ? ಬೇರೆಯವರದ್ದು ಬಿದ್ದಿದ್ರೆ ನಾನೂ ನಗ್ತಿದ್ದೆ." ಟ್ರಂಪೆಟ್ಟನ್ನು ಮಡಿಲಿಗೆ ಎಳೆದುಕೊಂಡು, "ಆವತ್ತು ಸಂಜೆ ಬಟ್ಟೆ ತುರುಕಿದ್ದು ನಾನೇ. ಯಾರೂ ಹೇಳಲಿಲ್ಲ" ಎನ್ನುತ್ತಾರೆ. ಅದಾಗಿ ಒಂಬತ್ತು ವರ್ಷ.

ಮಳಿಗೆಯಿಂದ ಮೂರು ತಿರುವು ದಾಟಿದರೆ ಅವರ ಮನೆ. ಒಂದು ಕೋಣೆ, ಪರದೆ ಕಟ್ಟಿ ಮಾಡಿಕೊಂಡ ಅಡುಗೆ ಜಾಗ, ಮೂಲೆಯಲ್ಲಿ ಬಚ್ಚಲು. ಹೆಂಡತಿ ಬ್ಯಾಂಡಿನ ಹನ್ನೆರಡೂ ಕೋಟುಗಳಿಗೆ ಇಸ್ತ್ರಿ ಹಾಕುತ್ತಾರೆ. ಅವರ ಅನುಮಾನದ ಮುಂದೆ ನನ್ನದು ಏನೇನೂ ಅಲ್ಲ.

"ಒಂಬತ್ತು ವರ್ಷದಿಂದ ನೋಡ್ತಿದ್ದೀನಿ. ದಿನಾ ಮಧ್ಯಾಹ್ನ ಬಚ್ಚಲಿಗೆ ಹೋದ್ರೆ ಅರ್ಧ ಗಂಟೆ. ನಲ್ಲಿ ಜೋರಾಗಿ ಬಿಟ್ಟಿರ್ತಾರೆ. ಹೊರಗೆ ಬಂದಾಗ ಮುಖ ಕೆಂಪು, ಏದುಸಿರು. ಕದ್ದು ಸಿಗರೇಟು ಸೇದ್ತಾರೆ, ಇನ್ನೇನು? ನೀವೇ ಕೇಳಿ, ಪೇಪರಿನೋರಿಗಾದ್ರೂ ನಿಜ ಹೇಳ್ತಾರೋ ನೋಡೋಣ."

"ವಾಸನೆ ಬರುತ್ತಾ?" ಎಂದು ಕೇಳುತ್ತೇನೆ.

"ಅದೇ ಬರಲ್ಲ. ಅದಕ್ಕೇ ಇನ್ನೂ ಗುಮಾನಿ."

ದೊಡ್ಡಪ್ಪ ಗೋಡೆ ನೋಡುತ್ತ ಕೂತಿದ್ದಾರೆ. ಇನ್ನೊಂದು ವಿಷಯವನ್ನೂ ಆ ತಾಯಿ ಹೇಳುತ್ತಾರೆ. ಹಲ್ಲಿಲ್ಲದ ಗಂಡನ ಮುಖವನ್ನು ಅವರು ಒಮ್ಮೆಯೂ ನೋಡಿಲ್ಲವಂತೆ. ದೀಪ ಆರಿದ ಮೇಲೆಯೇ ಸೆಟ್ಟು ತೆಗೆಯುವುದು, ಹೆಂಡತಿ ಏಳುವ ಮೊದಲೇ ಹಾಕಿಕೊಳ್ಳುವುದು. "ನನ್ನ ಹತ್ರ ಎಂಥಾ ನಾಚಿಕೆನೋ" ಎಂದು ಅವರು ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿಯೇ ಕೋಟಿನ ಮೇಲೆ ಒತ್ತುತ್ತಾರೆ.

ಇಲ್ಲಿಗೆ ನಾನು ಬರೆಯಲು ಕೂತಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಆದರೆ ಹೇಳಿದ್ದನ್ನೆಲ್ಲ ಇನ್ನೊಂದು ಕಡೆ ತಾಳೆ ನೋಡುವ ಚಟ ನನ್ನದು. ಈ ಬ್ಯಾಂಡಿನ ಅತಿ ಹಳೆಯ ಗಿರಾಕಿ ಒಂದು ಶಾಲೆ. ಅಲ್ಲಿನ ಕ್ರೀಡಾಕೂಟಕ್ಕೆ ಮೂವತ್ತು ವರ್ಷದಿಂದ ಇವರೇ. ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ ವಿಚಾರಿಸುತ್ತೇನೆ. ಮೇಡಂ ಬ್ಯಾಂಡಿನ ಶಿಸ್ತನ್ನು ಬಾಯ್ತುಂಬ ಹೊಗಳುತ್ತಾರೆ. ನನಗೋ, ನಾನು ಹೆಚ್ಚು ತಿಳಿದವನು ಎಂದು ತೋರಿಸಿಕೊಳ್ಳುವ ಚಪಲ.

"ಹನ್ನೆರಡರಲ್ಲಿ ನಾಲ್ಕು ಜನ ಊದೋದೇ ಇಲ್ಲ ಅನ್ನೋದು ನಿಮಗೆ ಗೊತ್ತಿರಬೇಕಲ್ವಾ ಮೇಡಂ?"

ಮೇಡಂ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಡುತ್ತಾರೆ. "ಗೊತ್ತಿರಲಿಲ್ಲ."

ನನ್ನ ಎದುರೇ ಮಾಸ್ಟರ್‌ಗೆ ಫೋನು ಹೋಗುತ್ತದೆ. ಶುಕ್ರವಾರ ಹತ್ತು ಗಂಟೆಗೆ ಊದುವ ಒಂಬತ್ತೂ ಜನ ಶಾಲೆಗೆ ಬರಬೇಕು, ಒಬ್ಬೊಬ್ಬರೇ ಊದಿ ತೋರಿಸಬೇಕು. ಊದಲು ಬಾರದವರು ಇನ್ನು ಈ ಗೇಟಿನೊಳಗೆ ಕೋಟು ಹಾಕಿಕೊಂಡು ಬರುವ ಹಾಗಿಲ್ಲ. "ಮಕ್ಕಳಿಗೆ ಕಾಪಿ ಹೊಡೀಬೇಡಿ ಅಂತ ಹೇಳೋದು ನಾವೇ, ನಮ್ಮ ಮೈದಾನದಲ್ಲೇ ಕಾಪಿ ಹೊಡೆಯೋರನ್ನ ನಡೆಸೋದೂ ನಾವೇನಾ?" ಎಂದು ಫೋನಿಗೆ ಕೇಳುತ್ತಾರೆ. ಸುತ್ತಲಿನ ಏಳೆಂಟು ಶಾಲೆಗಳು ಈ ಮೇಡಂ ಮಾಡಿದಂತೆ ಮಾಡುತ್ತವೆ ಎಂಬುದು ನನಗೆ ಆಮೇಲೆ ತಿಳಿಯುತ್ತದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಸಂಜೆ ಮಾಸ್ಟರ್ ಫೋನು. "ನಿಮ್ಮನ್ನ ಒಳಗೆ ಬಿಟ್ಟುಕೊಂಡಿದ್ದೇ ತಪ್ಪಾಯ್ತು ಸಾರ್. ಡಮ್ಮಿಗಳನ್ನ ಕೈಬಿಡದೇ ವಿಧಿಯಿಲ್ಲ. ಆ ಮೂವರಿಗೆ ಹೇಳಬಹುದು, ಬೇರೆ ಕಸುಬಿದೆ. ದೊಡ್ಡಪ್ಪನಿಗೆ ಯಾವ ಬಾಯಲ್ಲಿ ಹೇಳಲಿ? ಬ್ಯಾಂಡಿಂದ ಹೊರಗೆ ಹಾಕಿದ್ರೆ ಅವರು ಎಲ್ಲಿಗೆ ಹೋಗಿ ನಿಲ್ತಾರೆ?"

ಮರುದಿನ ಬೆಳಿಗ್ಗೆ ಅದೇ ಅರ್ಧ ಷಟರ್ ಕೆಳಗೆ ಬಗ್ಗಿ ಹೋಗಿ ದೊಡ್ಡಪ್ಪನ ಎದುರು ನಿಲ್ಲುತ್ತೇನೆ. ತಪ್ಪಾಯಿತು ಎನ್ನುತ್ತೇನೆ. ಅವರು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕುತ್ತಾರೆ.

"ನೀವೇನು ಸುಳ್ಳು ಹೇಳಲಿಲ್ಲವಲ್ಲ. ಶುಕ್ರವಾರ ಎಷ್ಟು ಗಂಟೆಗೆ?"

"ನೀವು ಹೋಗೋದು ಬೇಡ ದೊಡ್ಡಪ್ಪ. ಹುಷಾರಿಲ್ಲ ಅಂದುಬಿಡಿ."

"ಎಷ್ಟು ಗಂಟೆಗೆ ಅಂದೆ."

ಶುಕ್ರವಾರ. ನನ್ನ ಬುದ್ಧಿ ಎಲ್ಲಿ ಹೋಗುತ್ತದೆ? ದೊಡ್ಡಪ್ಪ ಯಾವುದೋ ರೆಕಾರ್ಡಿಂಗ್ ಬಚ್ಚಿಟ್ಟುಕೊಂಡು ಬಂದಿರಬಹುದು ಎಂಬ ಗುಮಾನಿ. ಕೋಟು ಹಾಕಿಕೊಳ್ಳಲು ನೆರವಾಗುವ ನೆಪದಲ್ಲಿ ಜೇಬುಗಳನ್ನು ತಡವುತ್ತೇನೆ. ಒಂದರಲ್ಲಿ ಕರ್ಚೀಫು, ಇನ್ನೊಂದರಲ್ಲಿ ಟ್ರಂಪೆಟ್ಟಿನ ತುದಿಗೆ ಸಿಕ್ಕಿಸುವ ಮೌತ್‌ಪೀಸ್, ಅಷ್ಟೆ. ಅದರ ಅಂಚಿನ ಬೆಳ್ಳಿ ಬಣ್ಣ ಪೂರ್ತಿ ಸವೆದುಹೋಗಿದೆ. ಇವರಿಗೆ ಅರ್ಥವಾಗಿದೆ, ನಾನು ತಡವಿ ಮುಗಿಸುವವರೆಗೂ ತೋಳು ಅಗಲಿಸಿ ನಿಲ್ಲುತ್ತಾರೆ.

ಶಾಲೆಯ ಸಭಾಂಗಣದಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂಬತ್ತು ಸಾಲಿನ ಪಟ್ಟಿ, ಕೆಂಪು ಪೆನ್ನು. ಕಿಟಕಿಯ ಸರಳುಗಳಿಗೆ ಮಕ್ಕಳ ಮುಖಗಳು ಒತ್ತಿಕೊಂಡಿವೆ. ಡ್ರಮ್ಮಿನವನನ್ನು ಕರೆದಿರಲಿಲ್ಲ, ಆದರೂ ಬಂದು ಬಾಗಿಲಲ್ಲಿ ನಿಂತಿದ್ದಾನೆ. ಮಾಸ್ಟರ್ ಮತ್ತು ಉಳಿದ ನಾಲ್ವರು ಊದುತ್ತಾರೆ, ಐದು ಸರಿ ಗುರುತು ಬೀಳುತ್ತದೆ. ಮೊದಲ ಡಮ್ಮಿ ಊದಿದರೆ ಹಳೇ ಬಸ್ಸಿನ ಬ್ರೇಕಿನ ಸದ್ದು. ಎರಡನೆಯವನಿಗೆ ಗಂಟಲು ನೋವಂತೆ. ಮೂರನೆಯವನು ವಾದ್ಯ ಎತ್ತುವ ಗೋಜಿಗೇ ಹೋಗದೆ, "ನಾನು ಟೈಲರ್ ಮೇಡಂ" ಎಂದುಬಿಡುತ್ತಾನೆ. ಮೂರು ತಪ್ಪು ಗುರುತು. ಮಾಸ್ಟರ್ ತಲೆ ತಗ್ಗಿಸಿ ನಿಂತಿದ್ದಾನೆ.

"ಒಂಬತ್ತನೆಯವರು" ಎನ್ನುತ್ತಾರೆ ಮೇಡಂ.

ದೊಡ್ಡಪ್ಪ ಮುಂದೆ ಬಂದು ಟ್ರಂಪೆಟ್ಟಿನೊಳಗೆ ಬೆರಳು ಹಾಕಿ ಬಟ್ಟೆ ಎಳೆಯುತ್ತಾರೆ. ಅದು ಬರುತ್ತಲೇ ಇದೆ, ಒಂದು ಗಜಕ್ಕೆ ಕಡಿಮೆಯಿಲ್ಲ. ಕಿಟಕಿಯಲ್ಲಿ ಕಿಸಕ್ಕೆಂದು ನಗು. ಬಟ್ಟೆಯನ್ನು ಮಡಿಸಿ ಮೇಜಿನ ತುದಿಗಿಟ್ಟು, ಜೇಬಿನ ಮೌತ್‌ಪೀಸನ್ನು ವಾದ್ಯಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ಕರ್ಚೀಫು ತೆಗೆದು, ಗೋಡೆಯ ಕಡೆ ತಿರುಗಲು ಹೋಗಿ, ಯಾಕೋ ತಿರುಗದೆ, ಎಲ್ಲರ ಎದುರೇ ಬಾಯಿಗೆ ಕೈ ಹಾಕಿ ಹಲ್ಲುಸೆಟ್ಟನ್ನು ತೆಗೆಯುತ್ತಾರೆ. ಮುಖ ಅರ್ಧದಷ್ಟಾಗುತ್ತದೆ. ಕೆನ್ನೆ ಒಳಗೆ ಹೋಗಿ, ಗದ್ದ ಮೂಗಿನ ಹತ್ತಿರ ಬರುತ್ತದೆ. ಮಕ್ಕಳು ಈಗ ಜೋರಾಗಿ ನಗುತ್ತಾರೆ. ಮೇಡಂ ಒಮ್ಮೆ ಕಿಟಕಿಯ ಕಡೆ ನೋಡಿದ್ದೇ ತಡ, ನಗು ನಿಲ್ಲುತ್ತದೆ. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸುತ್ತದೆ. ಇದೆಲ್ಲ ನನ್ನಿಂದ ಆದದ್ದು.

ಮೊದಲ ಉಸಿರಿಗೆ ಬರೀ ಗಾಳಿ. ಮೇಡಂ ಕೆಂಪು ಪೆನ್ನು ಎತ್ತುತ್ತಾರೆ.

ಎರಡನೇ ಉಸಿರಿಗೆ ಸದ್ದು ಬರುತ್ತದೆ. ತೀರಾ ಕೆಳಗಿನದು, ಟ್ರಂಪೆಟ್ಟಿನದು ಎಂದು ನಂಬಲಾಗದಷ್ಟು ಮೆತ್ತನೆಯದು. ಯಾರೋ ಪಕ್ಕದ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಹಾಡಿದ ಹಾಗಿದೆ. ಅದರ ಮೇಲೆ ಇನ್ನೊಂದು ಸ್ವರ, ಮತ್ತೊಂದು. ಮೂರನೆಯದು ಒಡೆಯುತ್ತದೆ, ಅವರು ಅದನ್ನು ಬಿಡದೆ ಹಿಂದಕ್ಕೆ ಬಂದು ಮತ್ತೆ ಹಿಡಿಯುತ್ತಾರೆ. ಸ್ವರಗಳು ಐದೇ ಐದು. ಅವೇ ಐದು ಹಿಂದೆ ಮುಂದೆ ಹೋಗುತ್ತವೆ, ನಿಲ್ಲುತ್ತವೆ, ಉಸಿರಿಗೆ ಕಾಯುತ್ತವೆ, ಮತ್ತೆ ಹೊರಡುತ್ತವೆ. ಬೀದಿಯಲ್ಲಿ ಕೇಳಿದ ಬ್ಯಾಂಡಿನ ಅಬ್ಬರ ಇದರಲ್ಲಿ ಚೂರೂ ಇಲ್ಲ. ಹೆಚ್ಚೆಂದರೆ ಒಂದೂವರೆ ನಿಮಿಷ. ಹನ್ನೊಂದರ ಗಂಟೆ ಹೊಡೆಯಬೇಕಾದ ಜವಾನ ಸುತ್ತಿಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದಾನೆ. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆಯೇನಿಲ್ಲ. ನಾಚಿಕೆಯಾಗಿದ್ದು, ಬೆಳಿಗ್ಗೆ ಇವರ ಜೇಬು ತಡವಿದ್ದು ನೆನಪಾಗಿ.

"ಯಾವ ಹಾಡು ಇದು?" ಮೇಡಂ ದನಿ ಸಣ್ಣಗಾಗಿದೆ.

"ಹಾಡಲ್ಲ ಮೇಡಂ." ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲುತ್ತದೆ. "ಈ ಬಾಯಿಗೆ ಉಳಿದಿರೋದು ಐದೇ ಸ್ವರ. ಅವನ್ನೇ ಜೋಡಿಸ್ಕೊಂಡಿದ್ದೀನಿ. ದಿನಾ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು, ಬರೀ ಈ ಮೌತ್‌ಪೀಸಲ್ಲಿ ತುಟಿಗೆ ಹೊಸದಾಗಿ ಕಲಿಸ್ದೆ. ಮೊದಲ ಸ್ವರ ಬರೋಕೆ ಎರಡು ವರ್ಷ ಹಿಡೀತು. ಗುಂಡಿ ಮರೀಬಾರದು ಅಂತ ಮೆರವಣಿಗೆಯಲ್ಲಿ ಬೆರಳು ಆಡಿಸ್ತಿದ್ದೆ. ವಾದ್ಯಕ್ಕೆ ಹಾಕಿ ನಾಲ್ಕು ಜನಕ್ಕೆ ಕೇಳೋ ಹಾಗೆ ಊದಿದ್ದು ಇವತ್ತೇ ಮೊದಲು."

"ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ?"

"ಹಲ್ಲು ತೆಗೀಬೇಕಲ್ಲ ಮೇಡಂ."

ಮೇಡಂ ಎದ್ದು ನಿಲ್ಲುತ್ತಾರೆ. "ಇನ್ನೊಂದು ಸಲ ಊದ್ತೀರಾ?"

"ಸ್ವಲ್ಪ ಉಸಿರು ಬರಲಿ."

ಆ ಸಭಾಂಗಣದಲ್ಲಿರುವುದು ಒಂದೇ ಕುರ್ಚಿ. ಮೇಡಂ ಅದನ್ನು ತಾವೇ ಎಳೆದು ತಂದು ದೊಡ್ಡಪ್ಪನ ಹಿಂದೆ ಹಾಕುತ್ತಾರೆ. ಅವರು ಕೂತು ಮತ್ತೆ ಊದುತ್ತಾರೆ, ನಾವೆಲ್ಲ ನಿಂತು ಕೇಳುತ್ತೇವೆ.

ಎಲ್ಲವೂ ಸುಖಾಂತವಾಯಿತು ಎಂದರೆ ಸುಳ್ಳಾಗುತ್ತದೆ. ಮೂರು ತಪ್ಪು ಗುರುತುಗಳು ಪಟ್ಟಿಯಲ್ಲಿ ಹಾಗೆಯೇ ಇವೆ. ದೊಡ್ಡಪ್ಪ ಅವರ ಪರವಾಗಿ ಕೇಳಿಕೊಂಡರೂ ಮೇಡಂ ಬಗ್ಗಲಿಲ್ಲ. ಟೈಲರ್ ಕೋಟು ಬಿಚ್ಚಿಟ್ಟು ಹೋದವನು ಮತ್ತೆ ಬಂದಿಲ್ಲ, ನಾನು ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾನೆ. ಮಾಸ್ಟರ್ ಮಳಿಗೆಯ ಬೋರ್ಡನ್ನು ಬದಲಿಸಿ "ಊದುವವರು ಆರು" ಎಂದು ಬರೆಸಿದ್ದಾನೆ. ನನ್ನೊಂದಿಗೆ ಅವನ ಮಾತು ಈಗಲೂ ಅಷ್ಟಕ್ಕಷ್ಟೆ. ಕ್ರೀಡಾಕೂಟದಲ್ಲಿ ಮಕ್ಕಳು ಸಾಲಾಗಿ ನಿಂತ ಮೇಲೆ, ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ, ಆ ಐದು ಸ್ವರ ಮಾತ್ರ ಕೇಳಬೇಕೆಂದು ಮೇಡಂ ಆಜ್ಞೆ ಮಾಡಿದ್ದಾರೆ. ದೊಡ್ಡಪ್ಪ ಈಗಲೂ ಐದೂವರೆಗೆ ಷಟರ್ ಎತ್ತಿ ಇಪ್ಪತ್ತೇಳು ಗುಂಡಿಗಳಿಗೆ ಎಣ್ಣೆ ಬಿಡುತ್ತಾರೆ. ಆರನೇ ಸ್ವರವೊಂದು ಸಿಕ್ಕರೆ ಸಾಕಂತೆ, ಹೆಚ್ಚಿನ ಆಸೆಯಿಲ್ಲವಂತೆ.

ಲೇಖನಕ್ಕೆ ಚಿತ್ರ ಬೇಕಲ್ಲ. ಭಾನುವಾರ ಮನೆಗೆ ಹೋಗಿ ಫೋನಿನಲ್ಲಿದ್ದ ಎರಡು ಚಿತ್ರಗಳನ್ನು ತೋರಿಸುತ್ತೇನೆ. ಒಂದು ಬಟ್ಟೆ ಅಂಗಡಿಯ ಮೆರವಣಿಗೆಯದು. ಕೆಂಪು ಕೋಟು, ಉಬ್ಬಿದ ಕೆನ್ನೆ, ನೆಟ್ಟಗಿನ ಬೆನ್ನು, ನೋಡಿದರೆ ರಾಜಗಾಂಭೀರ್ಯ. ಇನ್ನೊಂದು ಸಭಾಂಗಣದ್ದು. ಬೊಚ್ಚು ಬಾಯಿ, ಗುಳಿಬಿದ್ದ ಕೆನ್ನೆ, ಹಣೆಯ ತುಂಬ ಬೆವರು.

ಹೆಂಡತಿ ಫೋನನ್ನು ಕೈಗೆ ತೆಗೆದುಕೊಂಡು ಎರಡನೇ ಚಿತ್ರವನ್ನು ಬಹಳ ಹೊತ್ತು ನೋಡುತ್ತಾರೆ. ಗಂಡನ ಆ ಮುಖವನ್ನು ಅವರು ನೋಡುತ್ತಿರುವುದು ಇದೇ ಮೊದಲು. ಸೆರಗಿನಲ್ಲಿ ಫೋನಿನ ಪರದೆಯನ್ನು ಒರೆಸಿ, ಅದನ್ನು ನನಗೆ ಹಿಂದಿರುಗಿಸುತ್ತಾರೆ.

"ರೀ, ಊರವರೆಲ್ಲ ನೋಡ್ತಾರೆ. ಕೋಟು ಹಾಕಿರೋದೇ ಇರಲಿ. ಅದರಲ್ಲಿ ಎಷ್ಟು ಲಕ್ಷಣವಾಗಿದ್ದೀರಿ."

"ಎರಡರಲ್ಲೂ ಕೋಟಿದೆ ಕಣೇ."

"ಹಲ್ಲಿರೋದು ಅಂದೆ."

ದೊಡ್ಡಪ್ಪ ಎರಡನ್ನೂ ಇನ್ನೊಮ್ಮೆ ನೋಡುತ್ತಾರೆ. ನಾನು ಆಗಲೇ ಮೆರವಣಿಗೆಯ ಚಿತ್ರವನ್ನು ಕಚೇರಿಗೆ ಕಳಿಸಲು ಸಿದ್ಧನಾಗಿದ್ದೇನೆ, ಯಾರಾದರೂ ಅದನ್ನೇ ಕೇಳುತ್ತಾರೆ. ಅವರು ನನ್ನ ಕೈ ಹಿಡಿದು ನಿಲ್ಲಿಸುತ್ತಾರೆ.

"ಹಲ್ಲಿಲ್ಲದ್ದೇ ಹಾಕಿ ಸಾರ್. ಇನ್ನೊಂದರಲ್ಲಿ ನಾನು ಊದ್ತಿಲ್ಲ."